ಏಳು ತಾಸಿನ ಮೇಲ್ವಿಚಾರಣೆ

ಶಿಸ್ತಿನ ಮನುಷ್ಯನಿಂದ ಯಾರಿಗೂ ಕೇಡಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಐದಕ್ಕೆ ಏಳುವವನು, ಒಂಬತ್ತೂಕಾಲಿಗೆ ಮೈಲೂರಿನ ಮನೆ ಬಿಟ್ಟು ಒಂಬತ್ತೂವರೆಗೆ ಹಾಜರಿ ಪುಸ್ತಕ ತೆರೆಯುವವನು ಯಾರಿಗೆ ಏನು ಮಾಡಿಯಾನು? ಮಾಡುತ್ತಾನೆ. ಕೇಳಿ.

ನಮ್ಮದು ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಕಂಪನಿಯ ಬೀದರ್ ಶಾಖೆ. ಒಂದು ಕಾಲಕ್ಕೆ ಹದಿನಾಲ್ಕು ಮಂದಿ ಇದ್ದೆವು. ಭಾಲ್ಕಿಯಲ್ಲಿ ಯಂತ್ರ ಕೆಟ್ಟರೂ ಔರಾದಿನಲ್ಲಿ ಕೆಟ್ಟರೂ ನಮಗೇ ಫೋನು. ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು. ಜನ ಗಂಟು ಕಟ್ಟಿಕೊಂಡು ಹೈದರಾಬಾದಿನ ಬಸ್ಸು ಹತ್ತುತ್ತಿದ್ದರೆ, ಅದೇ ಹೈದರಾಬಾದಿನ ನಮ್ಮ ಹೆಡ್ ಆಫೀಸಿನಿಂದ ಇತ್ತ ಪತ್ರ ಬರುತ್ತಿತ್ತು: ಮೂವರನ್ನು ಬಿಡಿ. "ಇದೇ ಕಡೀ ಸಲ" ಎನ್ನುತ್ತಿದ್ದರು. ನಾಲ್ಕು ಸಲ ಹಾಗೆಂದರು. ಪ್ರತಿ ಸಲವೂ ನಾನು ಹೋಗುವವರಿಂದ ಕೀಲಿ, ಸ್ಟೇಪ್ಲರ್ ವಾಪಸ್ ಪಡೆದು, ಶಾಲು ಹೊದಿಸಿ, ಚೂಡಾ-ಚಹಾ ಕೊಟ್ಟು ಇಪ್ಪತ್ತೈದು ನಿಮಿಷದಲ್ಲಿ ಬೀಳ್ಕೊಡುತ್ತಿದ್ದೆ. ಒಬ್ಬಾತ ಸ್ಟೇಪ್ಲರನ್ನು ಮನೆಯಲ್ಲೇ ಮರೆತು ಬಂದದ್ದಕ್ಕೆ ಅವನೇ ಭಾಲ್ಕಿಗೆ ವಾಪಸ್ ಹೋಗಿ ತರಬೇಕಾಯಿತು. ಅಲ್ಲಿಯವರೆಗೆ ಅವನ ಶಾಲು ನನ್ನ ಕಪಾಟಿನಲ್ಲೇ ಇತ್ತು.

ಕೊನೆಗೆ ಇಬ್ಬರು ಉಳಿದೆವು: ಶಾಖೆಯ ಮುಖ್ಯಸ್ಥನಾದ ನಾನು, ಮತ್ತು ಸಂತಪುರದಿಂದ ಬಸ್ಸಿಗೆ ಬಂದು ರಿಪೇರಿ ಮಾಡುವ ಶಕುಂತಲಾ. ಅವಳ ಅಣ್ಣ-ಅತ್ತಿಗೆ ದುಡಿಯಲು ಹೈದರಾಬಾದಿಗೆ ಹೋದ ಮೇಲೆ ಅವರ ಇಬ್ಬರು ಮಕ್ಕಳ ಊಟ, ಶಾಲೆ ಎಲ್ಲ ಇವಳ ನೌಕರಿಯ ಮೇಲೇ ನಿಂತಿತ್ತು. ಆಗ ಐದನೆಯ ಪತ್ರ ಬಂತು: ಯಾರು ಯಾವ ತಾಸಿನಲ್ಲಿ ಏನು ಮಾಡುತ್ತೀರಿ ಬರೆದು ಕಳಿಸಿ, ಒಬ್ಬರನ್ನು ಬಿಡಬೇಕಾಗಿದೆ.

"ಹೆದರಬ್ಯಾಡವಾ. ಖರೇ ಖರೇ ಬರೀತೇನಿ. ನಿನ್ನ ಕೆಲಸ ಅವರ ಕಣ್ಣಿಗಿ ಬೀಳ್ತದ" ಎಂದೆ.

ಸ್ಕೇಲು ಹಿಡಿದು ಗೆರೆ ಎಳೆದು ಬರೆದೆ. ಅವಳ ಹೆಸರಿನ ಕೆಳಗೆ ರಿಪೇರಿ, ಗಿರಾಕಿ, ಫೋನು; ಮಧ್ಯಾಹ್ನ ಯಾರೂ ಬಾರದ ಒಂದೂವರೆ ತಾಸು ಬಿಡುವು. ನನ್ನ ಹೆಸರಿನ ಕೆಳಗೆ ಒಂದೇ ಸಾಲು. ಶಕುಂತಲಾ ಓದಿ ನಕ್ಕಳು.

"ಸರ್, ಹತ್ತರಿಂದ ಐದರ ತನಕ ಮೇಲ್ವಿಚಾರಣೆ ಅಂತ ಬರದೀರಲ್ರಿ! ನಾ ಒಬ್ಬಾಕಿ ಕೆಲಸ ಮಾಡೂದು ನೋಡ್ಲಿಕ್ಕಿ ಏಳು ತಾಸು ಬೇಕೇನ್ರಿ?"

"ಬೇಕವಾ. ಜವಾಬ್ದಾರಿ ಕೆಲಸ ಅದು."

ನಾಲ್ಕನೆಯ ದಿನ ಉತ್ತರ ಬಂತು. ಒಂದೂವರೆ ತಾಸು ಬಿಡುವಿರುವ ಹುದ್ದೆ ರದ್ದು. ಬಿಡುವೇ ಇಲ್ಲದೆ ದುಡಿಯುವ ಮುಖ್ಯಸ್ಥರಿಗೆ ಅಭಿನಂದನೆ. ರಿಪೇರಿ ಅಂಗಡಿಗೆ ರಿಪೇರಿಯವಳು ಬೇಡ, ಅವಳನ್ನು ನೋಡುತ್ತ ಕೂರುವವನು ಬೇಕು! ಶಕುಂತಲಾ ಸ್ಕ್ರೂಡ್ರೈವರ್ ಹಿಡಿದೇ ನಿಂತಿದ್ದಳು. "ಖರೇ ಬರೀತೇನಿ ಅಂದ್ರಲ್ರಿ ಸರ್" ಎಂದಳು, ಅಷ್ಟೇ.

ತಕ್ಷಣ ಹೆಡ್ ಆಫೀಸಿಗೆ ಫೋನು ಹಚ್ಚಿದೆ. "ನನ್ನ ಬಿಡ್ರಿ, ಆಕೀನ್ನ ಇಟ್ಕೊಳ್ರಿ."

"ಹಂಗಂತ ರಾಜೀನಾಮೆ ಅರ್ಜಿ ಬರೀರಿ. ಶಾಖೆ ಮುಖ್ಯಸ್ಥರ ಮೂಲಕ ಕಳಿಸ್ರಿ."

ಬರೆದೆ. ಮೇಜಿನ ಈಚೆ ನಿಂತು ಸಲ್ಲಿಸಿ, ಆಚೆ ಹೋಗಿ ಕುಳಿತು ಮುಖ್ಯಸ್ಥನಾಗಿ ಓದಿದೆ. ಒಂದು ತಿಂಗಳ ಮುಂಚಿತ ಸೂಚನೆ ಇರಲಿಲ್ಲ. ಅಂಥ ಅರ್ಜಿ ವಾಪಸ್ ಮಾಡಬೇಕೆಂಬುದು ನಿಯಮ. ಎಷ್ಟೋ ಜನರದನ್ನು ಮಾಡಿದ್ದೇನೆ. ಕೆಂಪು ಶಾಯಿಯಲ್ಲಿ ಬರೆದು ಇದನ್ನೂ ವಾಪಸ್ ಮಾಡಿದೆ. ಬರೆದು ಮುಗಿಸಿದಾಗ ನನ್ನ ಎದೆ ಹಗುರಾಗಿತ್ತು. ಅದಕ್ಕೆ ನಾನೇ ಬೆಚ್ಚಿಬಿದ್ದೆ.

ತಿದ್ದಿ ಮತ್ತೆ ಸಲ್ಲಿಸಲು ನಿಯಮದಲ್ಲಿ ಅವಕಾಶವಿತ್ತು. ಸಂಜೆಯವರೆಗೂ ಕಾದೆ. ಅರ್ಜಿದಾರ ಬರಲಿಲ್ಲ.