ತಪ್ಪಲೆಯ ಮುಚ್ಚಳಕ್ಕೊಂದು ಹಿಡಿ

ಪದಬಂಧದಿಂದಲೇ ಎಲ್ಲ ಶುರುವಾಯಿತು ಎಂದರೆ ಮೇಷ್ಟ್ರ ಅಮ್ಮನಿಗೆ ಸಿಟ್ಟು ಬರುತ್ತದೆ. ಆದರೆ ನಡೆದದ್ದು ಹಾಗೆಯೇ. ಶನಿವಾರ ಸಂಜೆ ಭೂಗೋಳದ ಮೇಷ್ಟ್ರು ಲೋಹ ಕಡೆಯುವ ತಮ್ಮ ಪುಟ್ಟ ಲೇತಿನ ಚಕ್ಕನ್ನು ಬಿಚ್ಚಿ, ಸರಳನ್ನು ಕಚ್ಚಿ ಹಿಡಿಯುವ ಅದರ ಮೂರು ದವಡೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಸಾಲಿನಲ್ಲೇ ಹಳೆಯ ಪೇಪರಿನ ಮೇಲೆ ಒಣಗಲು ಇಟ್ಟಿದ್ದರು. ಆ ಪೇಪರಿನಲ್ಲಿ ಇನ್ನೂ ಬಿಡಿಸದ ಪದಬಂಧವಿತ್ತು. ಅಮ್ಮ ದವಡೆಗಳನ್ನು ಜೋಪಾನವಾಗಿ ಬಟ್ಟಲೊಂದಕ್ಕೆ ಹಾಕಿ, ಪೇಪರನ್ನು ಒದರಿ ತೆಗೆದುಕೊಂಡು ಹೋದರು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಟ್ಟಲಿಗೆ ಕೈ ಹಾಕಿ, ಸಿಕ್ಕಿದ್ದನ್ನು ಸಿಕ್ಕ ಹಾಗೆ ಚಕ್ಕಿಗೆ ತೂರಿಸಿದರು. ಮೂರೂ ಒಂದೇ ಹೆರಿಗೆಯ ಮಕ್ಕಳಂತೆ ಕಾಣುತ್ತಿದ್ದವು. ಅವುಗಳಲ್ಲಿ ಹಿರಿಯದು ಯಾವುದು, ಕಿರಿಯದು ಯಾವುದು ಎಂದು ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಮೂರೂ ಒಂದೇ ನಡುವಿಗೆ ಬಂದು ಸೇರುವುದಿಲ್ಲ, ಕಚ್ಚಿದ ಸರಳು ಓರೆಯಾಗುತ್ತದೆ ಎಂಬುದು ಲೇತಿಗೆ ಗೊತ್ತಿತ್ತು, ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಎರಡು ವರ್ಷದಿಂದ ಈ ಲೇತು ಮನೆಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಕೂತಿತ್ತು. ಹೊಲಿಗೆ ಯಂತ್ರಕ್ಕಿಂತ ಕೊಂಚ ದೊಡ್ಡದು, ಅಷ್ಟೇ. ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುವ ಹಾಗೆ ಮೇಷ್ಟ್ರ ಪ್ರಾಣ ಅದರಲ್ಲಿತ್ತು. ಅದರಲ್ಲಿ ಅವರು ಏನೇನೋ ಮಾಡಿದ್ದರು. ಹಿಡಿಕೆ ಮಾಡಿದರು, ಅದು ಲೇತಿಗೆ. ಬೆಲ್ಟಿಗೆ ಹೊಸ ಗಾಲಿ ಮಾಡಿದರು, ಅದೂ ಲೇತಿಗೆ. ಗಾಲಿ ಅಲುಗಾಡದಂತೆ ಒಂದು ಬಳೆ, ಬಳೆ ಜಾರದಂತೆ ಒಂದು ತಿರುಪು, ತಿರುಪು ಬಿಗಿಯಲು ಒಂದು ಕೀಲಿ. ಹೀಗೆ ಲೇತು ತನ್ನನ್ನು ತಾನೇ ಸಿಂಗರಿಸಿಕೊಳ್ಳುತ್ತ ಹೋಯಿತೇ ಹೊರತು ಅಡುಗೆಮನೆಯ ಹೊಸ್ತಿಲು ದಾಟಿ ಒಂದು ಮೊಳೆಯೂ ಒಳಗೆ ಬರಲಿಲ್ಲ.

ಆ ಭಾನುವಾರ ತಪ್ಪಲೆಯ ಮುಚ್ಚಳದ ಹಿಡಿ ಮುರಿದು ಹೆಂಡತಿಯ ಬೆರಳು ಸುಟ್ಟಿತು. ಬೆರಳನ್ನು ತಣ್ಣೀರಿನ ಲೋಟದಲ್ಲಿ ಅದ್ದಿಕೊಂಡೇ ಅವಳು ಹಿಂದಿನ ಕೋಣೆಯ ಬಾಗಿಲಿಗೆ ಬಂದಳು.

"ರೀ, ನಿಮ್ಮ ಲೇತು ತನಗೇ ಒಡವೆ ಮಾಡಿಸ್ಕೊಂಡಿದ್ದು ಸಾಕು. ಸಂಜೆ ಆರರೊಳಗೆ ಈ ಮುಚ್ಚಳಕ್ಕೊಂದು ಹಿಡಿ ಮಾಡ್ಕೊಡಿ. ಇಲ್ಲಾಂದ್ರೆ ಭಾವಂಗೆ ಹೇಳಿದೀನಿ, ವ್ಯಾನ್ ತರ್ತಾರೆ."

"ವ್ಯಾನ್ ಯಾಕೆ?"

"ಲೇತು ಒಯ್ಯೋಕೆ. ಅವರ ವರ್ಕ್‌ಶಾಪಲ್ಲಿ ಇಟ್ಕೋತಾರಂತೆ. ನನಗೆ ಬಟ್ಟೆ ಒಣಗಿಸೋಕೆ ಜಾಗವಾದ್ರೂ ಆಗುತ್ತೆ."

ಭಾವ ಎಂದರೆ ಅವಳ ಅಕ್ಕನ ಗಂಡ, ಮೇಷ್ಟ್ರ ಷಡ್ಡಕರು. ಊರಿನ ಆಚೆ ತುದಿಯಲ್ಲಿ ಸ್ವಂತ ವರ್ಕ್‌ಶಾಪು ಇಟ್ಟವರು. ಮಾತು ಕಡಿಮೆ, ಬರುತ್ತೇನೆ ಎಂದರೆ ಬಂದೇ ಬರುವ ಜಾತಿ. ಮಾರನೆಯ ದಿನದಿಂದ ಶಾಲೆಗೆ ರಜೆ, ನಲವತ್ತೈದು ದಿನ. ಆ ನಲವತ್ತೈದನ್ನೂ ಲೇತಿನ ಮುಂದೆ ಕಳೆಯಬೇಕೆಂದು ಮೇಷ್ಟ್ರು ವರ್ಷವಿಡೀ ನಕ್ಷೆ ಬರೆಯುತ್ತ ಬಂದಿದ್ದರು.

"ಹಿಡಿ ಅಂದ್ರೇನು ಮಹಾ. ಅರ್ಧ ಗಂಟೆ ಕೆಲಸ," ಎಂದರು.

ಗೇಣುದ್ದದ ಹಿತ್ತಾಳೆ ಸರಳು ಚಕ್ಕಿಗೆ ಕಚ್ಚಿಕೊಂಡಿತು. ಒಂದು ತುದಿಯಲ್ಲಿ ಹಿಡಿಯ ಕಾಲು ತಯಾರಾಯಿತು. ಅದನ್ನು ತುಂಡರಿಸಿ, ಮಗುಚಿ ಕಚ್ಚಿಸಿ ತಲೆಯನ್ನು ಗುಂಡಗೆ ಮಾಡಲು ಹೊರಟಾಗ ಆ ತುಂಡು, ಕುಡಿದವನು ಗೆರೆಯ ಮೇಲೆ ನಡೆದಂತೆ ತೂರಾಡತೊಡಗಿತು. ಟಕ್, ಟಕ್, ಟಕ್. ಮುಗಿದ ಮೇಲೆ ನೋಡಿದರೆ ಕಾಲು ಒಂದು ದಿಕ್ಕಿಗೆ, ತಲೆ ಒಂದು ದಿಕ್ಕಿಗೆ. ಟೋಪಿ ಕಿವಿಯ ಮೇಲೆ ಜಾರಿದ ಹಾಗಿತ್ತು.

ಅಮ್ಮ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ ಕಣೋ. ಅಣಬೆ ತಾನೇ?"

ಟಕ್ ಟಕ್ ಸದ್ದಿಗೆ ಮಹಡಿ ಮನೆಯ ಗಾರ್ಡ್ ಅಂಕಲ್ ಇಳಿದು ಬಂದರು. ನಲವತ್ತು ವರ್ಷ ಗೂಡ್ಸ್ ಗಾಡಿಯ ಹಿಂದೆ ಕೂತು ಬಂದವರು. ಜಗತ್ತಿನ ಎಲ್ಲ ಸದ್ದೂ ಅವರಿಗೆ ಹಳಿಯ ಸದ್ದೇ. ಕಣ್ಣು ಮುಚ್ಚಿ ಆಲಿಸಿ, "ಇಂಜಿನ್ದೇನೂ ತಪ್ಪಿಲ್ಲ, ಮೇಷ್ಟ್ರೇ. ಹಳಿ ಸೊಟ್ಟ. ನಿಮ್ಮ ನೆಲಾನೇ ಇಳಿಜಾರು," ಎಂದರು.

ಮೇಷ್ಟ್ರಿಗೆ ಇದು ನಿಜವೆನಿಸಿತು. ನೆಲದ ಏರಿಳಿತ ಅವರ ಪಾಠದ ವಿಷಯವೇ ಅಲ್ಲವೇ? ಗಾರೆಯವನ ಮನೆಯಿಂದ ರಸಮಟ್ಟ ಬಂತು. ಲೇತಿನ ಒಂದು ಕಾಲಿಗೆ ರಟ್ಟು, ಇನ್ನೊಂದಕ್ಕೆ ಮುರಿದ ಟೈಲು, ಮೂರನೆಯದಕ್ಕೆ ಮೇಷ್ಟ್ರ ದಪ್ಪ ಅಟ್ಲಾಸು. ಖಂಡಗಳೆಲ್ಲ ಲೇತಿನ ಕೆಳಗೆ ಸೇರಿದ ಮೇಲೆ ರಸಮಟ್ಟದ ಗುಳ್ಳೆ ನಡುವೆ ಬಂದು ನಿಂತಿತು. ಎರಡನೆಯ ಹಿಡಿ ತಿರುಗಿತು. ಅದೂ ಅಣಬೆಯೇ.

"ಈಗ ನೆಲ ಸರಿಯಾಯ್ತು," ಗಾರ್ಡ್ ಅಂಕಲ್ ಎಂದರು, "ಕಾಯಿಲೆ ಬೇರೇನೋ ಇದೆ."

ಕಾಯಿಲೆ ಎಂಬ ಮಾತು ಕಿವಿಗೆ ಬೀಳುವ ಹೊತ್ತಿಗೆ ಸರಿಯಾಗಿ ಎದುರುಮನೆಯ ನರ್ಸಕ್ಕ ಹೆಂಡತಿಯ ಬೆರಳಿಗೆ ಪಟ್ಟಿ ಕಟ್ಟಿ ಹೊರಗೆ ಬಂದಳು. ಕೊರಳಲ್ಲಿ ಸ್ಟೆತಾಸ್ಕೋಪು ಇತ್ತು. ಮೋಟರಿನ ಮೇಲೆ, ಬೇರಿಂಗಿನ ಮೇಲೆ ಅದನ್ನಿಟ್ಟು ಕೇಳಿ, ಅಭ್ಯಾಸಬಲದಿಂದ "ಜೋರಾಗಿ ಉಸಿರು ಎಳ್ಕೊಳ್ಳಿ," ಎಂದುಬಿಟ್ಟಳು. ಲೇತು ಸುಮ್ಮನಿತ್ತು. ಮೇಷ್ಟ್ರು ಉಸಿರೆಳೆದುಕೊಂಡರು.

"ಒಣಕೆಮ್ಮು ಇದ್ದ ಹಾಗಿದೆ. ಎಣ್ಣೆ ಚೆನ್ನಾಗಿ ಕೊಡಿ."

ಎಣ್ಣೆ ಚೆನ್ನಾಗಿಯೇ ಆಯಿತು. ಎಷ್ಟೆಂದರೆ ಬೆಲ್ಟಿಗೂ ಹರಿದು, ಮೋಟರು ತಿರುಗಿದರೂ ಚಕ್ಕು ಕದಲದಾಯಿತು. ಬೆಲ್ಟನ್ನು ಬಿಚ್ಚಿ ಸೋಪು ಹಾಕಿ ತೊಳೆದು ಹಗ್ಗದ ಮೇಲೆ, ಹೆಂಡತಿಯ ಸೀರೆಯ ಪಕ್ಕ ಒಣಗಿಸಲಾಯಿತು. ಊಟವಾದ ಮೇಲೆ ಗಾರ್ಡ್ ಅಂಕಲ್ಲೇ ಅದನ್ನು ಮತ್ತೆ ತೊಡಿಸಿದರು. ಜಾರದಿರಲಿ ಎಂದು ನಡುವೆ ಒಂದು ತಿರುವು ಕೊಟ್ಟು, ಎಂಟರ ಅಂಕಿಯ ಹಾಗೆ.

"ಹಾಕಿ ಸ್ವಿಚ್ಚು."

ಮೇಷ್ಟ್ರು ಹಾಕಿದರು. ಬೆಲ್ಟು ಅಡ್ಡ ಬಿದ್ದದ್ದರಿಂದ ಲೇತು ಹಿಂದುಮುಂದಾಗಿ ತಿರುಗಿತು. ಮುಂದಕ್ಕೆ ತಿರುಗಿದರೆ ಬಿಗಿಯಾಗುವ ಚಕ್ಕು ಹಿಂದಕ್ಕೆ ತಿರುಗಿದರೆ ಏನಾಗಬೇಕೋ ಅದೇ ಆಯಿತು. ತಿರುಪು ಬಿಚ್ಚಿಕೊಂಡು ಚಕ್ಕು ಧಡಾರನೆ ನೆಲಕ್ಕೆ ಬಿದ್ದು, ಗಾರ್ಡ್ ಅಂಕಲ್ಲರ ಕಾಲುಗಳ ನಡುವೆ ನುಸುಳಿ, ಪಡಸಾಲೆಯಲ್ಲಿ ಅಮ್ಮನ ಕುರ್ಚಿಯನ್ನು ಬಳಸಿ, ತವರಿಗೆ ಹೊರಟವಳಂತೆ ಹಿಂದಿರುಗಿ ನೋಡದೆ ಉರುಳುತ್ತ ಅಡುಗೆಮನೆ ಸೇರಿತು. ಲೇತಿನಿಂದ ಅಡುಗೆಮನೆಗೆ ಬಂದ ಮೊದಲ ವಸ್ತು ಅದೇ.

ಹೆಂಡತಿ ಸೆರಗಿನಲ್ಲಿ ಹಿಡಿದು ಎತ್ತಿಕೊಂಡು ಬಂದಳು. "ಇದೇನಾ ಹಿಡಿ? ಮುಚ್ಚಳಕ್ಕಿಂತ ಭಾರ ಇದೆಯಲ್ರೀ."

ಗಂಟೆ ಐದಾಗಿತ್ತು. ಮೂರು ಅಣಬೆಗಳು ಕಿಟಕಿಯಲ್ಲಿ ಸಾಲಾಗಿ ಕೂತಿದ್ದವು. ಮೂರನೆಯದು ಯಾವಾಗ ಆಯಿತೆಂದು ಮೇಷ್ಟ್ರಿಗೇ ನೆನಪಿರಲಿಲ್ಲ. ಗೇಣುದ್ದದ ಸರಳು ಹೆಬ್ಬೆರಳಷ್ಟು ಉಳಿದಿತ್ತು. ನೆಲ ಸಮವಾಗಿದೆ, ಎದೆಬಡಿತ ಸರಿಯಿದೆ, ಬೆಲ್ಟು ಶುಚಿಯಾಗಿದೆ, ಆದರೂ ಎಲ್ಲ ಓರೆ. ತಾನೇ ಓರೆಯಾಗಿ ನಿಂತು ನೋಡುತ್ತಿದ್ದೇನೆಯೋ ಏನೋ ಎಂದು ಅವರು ಒಮ್ಮೆ ಗೋಡೆಗೆ ಬೆನ್ನು ತಾಗಿಸಿ ನೇರವಾಗಿ ನಿಂತೂ ನೋಡಿದರು.

ಹಾಗೆ ನಿಂತಿದ್ದಾಗಲೇ ಅವರಿಗೆ ಜ್ಞಾನೋದಯವಾಯಿತು. ಕೆಟ್ಟುಹೋದ ಲೇತನ್ನು ಯಾರು ಒಯ್ಯುತ್ತಾರೆ? ಹಿಡಿ ಆಗದಿದ್ದರೆ ಬೇಡ. ಲೇತು ಹೀಗೆಯೇ ತೂರಾಡುತ್ತಿದ್ದರೆ ಷಡ್ಡಕರು ನೋಡಿ, ಮೂಗು ಮುರಿದು, ಖಾಲಿ ವ್ಯಾನಿನಲ್ಲಿ ಹೋಗುತ್ತಾರೆ. ಬೆಳಿಗ್ಗೆಯಿಂದ ಯಾವ ತೂರಾಟವನ್ನು ಶತ್ರು ಎಂದು ಬೆನ್ನಟ್ಟಿದ್ದರೋ ಅದೇ ನೆಂಟನಾಗಿ ಬಂದು ಪಕ್ಕದಲ್ಲಿ ಕೂತಿತು. ಅವರು ಚಕ್ಕನ್ನು ಮುದ್ದಿನಿಂದ ಮತ್ತೆ ಅದರ ಜಾಗಕ್ಕೆ ಏರಿಸಿದರು, ಬೆಲ್ಟಿನ ತಿರುವು ಬಿಡಿಸಿದರು.

"ಮೇಷ್ಟ್ರೇ, ನನಗೆ ಇನ್ನೊಂದು ಐಡಿಯಾ ಬಂತು," ಎಂದರು ಗಾರ್ಡ್ ಅಂಕಲ್.

"ಬೇಡ ಅಂಕಲ್, ಕೈ ಮುಗೀತೀನಿ. ಹೀಗೇ ಇರ್ಲಿ."

"ಅಲ್ಲ, ಎರಡೇ ನಿಮಿಷ..."

"ಎರಡೂ ಬೇಡ. ಕಾಫಿ ಕುಡೀರಿ."

ಆರು ಹೊಡೆಯುವುದಕ್ಕೂ ಬಾಗಿಲಲ್ಲಿ ವ್ಯಾನು ನಿಲ್ಲುವುದಕ್ಕೂ ಸರಿಹೋಯಿತು. ಷಡ್ಡಕರು ಹಗ್ಗ, ಗೋಣಿತಾಟು ಹಿಡಿದು ಒಳಗೆ ಬಂದರು. ಮೇಷ್ಟ್ರು ಉತ್ಸಾಹದಿಂದ ಎದುರುಗೊಂಡರು. "ಬನ್ನಿ ಭಾವ, ಬನ್ನಿ. ಏನು ಹೇಳ್ಲಿ, ಇದು ಪೂರ್ತಿ ಹೋಯ್ತು. ಗುಜರಿಯವನೂ ಮುಟ್ಟಲ್ಲ. ನೋಡಿ ಬೇಕಾದ್ರೆ." ಹೆಬ್ಬೆರಳುದ್ದದ ಸರಳನ್ನು ಕಚ್ಚಿಸಿ ಸ್ವಿಚ್ಚು ಹಾಕಿದರು. ಅದು ತೂರಾಡಿದ್ದನ್ನು ಕಂಡು, ಮಗು ಚೆನ್ನಾಗಿ ಪದ್ಯ ಹೇಳಿತೆಂಬಂತೆ ಹಿಗ್ಗಿದರು.

ಷಡ್ಡಕರು ಸ್ವಿಚ್ಚು ಆರಿಸಿ, ದವಡೆಗಳನ್ನು ಹೊರಗೆ ತೆಗೆದು, ಒಂದರ ಮೇಲಿನ ಜಿಡ್ಡನ್ನು ಹೆಬ್ಬೆರಳಿನಿಂದ ಒರೆಸಿದರು.

"ಮೇಷ್ಟ್ರೇ, ಇಲ್ಲೇನು ಬರೆದಿದೆ?"

"ಎರಡು."

"ಅದು ಕೂತಿದ್ದ ಜಾಗದಲ್ಲಿ?"

ಮೇಷ್ಟ್ರು ಬಗ್ಗಿದರು. "ಒಂದು," ಎಂದರು, ತಪ್ಪುತ್ತರ ಹೇಳಿದ ವಿದ್ಯಾರ್ಥಿಯ ದನಿಯಲ್ಲಿ.

"ಹೂಂ."

ಮೂರು ದವಡೆಗಳೂ ತಮ್ಮ ತಮ್ಮ ಮನೆ ಸೇರಿದವು. ಲೇತು ತಿರುಗಿತು, ನಿಂತಿದೆಯೋ ತಿರುಗುತ್ತಿದೆಯೋ ಗೊತ್ತಾಗದಷ್ಟು ನೆಟ್ಟಗೆ. "ನಾನು ಹೇಳ್ಬೇಕು ಅಂತಿದ್ದಿದ್ದು ಇದನ್ನೇ," ಎಂದರು ಗಾರ್ಡ್ ಅಂಕಲ್, ಕಾಫಿ ಲೋಟ ಕೆಳಗಿಡುತ್ತ.

ಹತ್ತೇ ನಿಮಿಷದಲ್ಲಿ, ಉಳಿದಿದ್ದ ಆ ಚೂರಿನಿಂದಲೇ ಷಡ್ಡಕರು ಹೊಳೆಯುವ ಹಿಡಿ ಮಾಡಿ ಮುಚ್ಚಳಕ್ಕೆ ಬಿಗಿದರು. ಹೆಂಡತಿ ಮುಚ್ಚಳ ಎತ್ತಿದಳು, ಇಟ್ಟಳು, ಎತ್ತಿದಳು. ಅವಳ ಮುಖದಲ್ಲಿ ಎರಡು ವರ್ಷದಿಂದ ಕಾಣದ ಏನೋ ಮೂಡಿತು. ಷಡ್ಡಕರು ಹಗ್ಗಕ್ಕೆ ಕೈ ಹಾಕಿದರು. ಮೇಷ್ಟ್ರು ಕಣ್ಣು ಮುಚ್ಚಿದರು.

"ಭಾವ, ಲೇತು ಇಲ್ಲೇ ಇರ್ಲಿ," ಎಂದಳು ಅವಳು.

ಮೇಷ್ಟ್ರು ಕಣ್ಣು ಬಿಟ್ಟರು. ಇಂಥ ಹೆಂಡತಿಯನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದುಕೊಳ್ಳುವಷ್ಟರಲ್ಲಿ ಅವಳ ಮಾತು ಮುಂದುವರಿಯಿತು.

"ಯಂತ್ರದಲ್ಲಿ ಏನೂ ಕೊರತೆ ಇಲ್ಲ ಅಂತ ಕಣ್ಣಾರೆ ನೋಡಿದ್ನಲ್ಲ. ಕೊರತೆ ಎಲ್ಲಿದೆ ಅಂತಾನೂ ನೋಡಿದೆ. ವ್ಯಾನು ಖಾಲಿ ಹೋಗೋದು ಬೇಡ, ಇವರನ್ನೇ ಕರ್ಕೊಂಡು ಹೋಗಿ. ನಾಳೆಯಿಂದ ಹೇಗೂ ರಜೆ. ಕೆಲಸ ಕಲಿಸಿ ಕಳಿಸಿ. ಅಕ್ಕಂಗೆ ಆಗ್ಲೇ ಫೋನ್ ಮಾಡಿದೀನಿ."

"ಅಮ್ಮಾ, ನೀನಾದ್ರೂ ಹೇಳು," ಎಂದರು ಮೇಷ್ಟ್ರು.

"ಹೋಗಿ ಬಾ ಮಗಾ," ಎಂದರು ಅಮ್ಮ. "ಹಲ್ಲುಜ್ಜೋ ಬ್ರಶ್ಶು ಮರೀಬೇಡ."

ಲೇತಿಗೆಂದು ಹಾಸಿದ್ದ ಗೋಣಿತಾಟಿನ ಮೇಲೆ ಚೀಲ ಇಟ್ಟುಕೊಂಡು ಮೇಷ್ಟ್ರು ವ್ಯಾನು ಹತ್ತಿದರು. ಹಿಂದಿನ ಕೋಣೆಯಿಂದ ಲೇತಿನ ಮೆಲುದನಿ ಕೇಳುತ್ತಿತ್ತು. ಹೆಂಡತಿ ಆಗಲೇ ಶುರುಮಾಡಿದ್ದಳು. ನರ್ಸಕ್ಕನ ಸ್ಟೂಲಿಗೆ ಏನೋ ಬೇಕಿತ್ತಂತೆ.

ರಸ್ತೆ ತಿರುಗುವ ಹೊತ್ತಿಗೆ ಅವರ ಮನಸ್ಸು ನಿಧಾನವಾಗಿ ಅರಳಿತು. ಷಡ್ಡಕರ ವರ್ಕ್‌ಶಾಪಿನಲ್ಲಿ ನಾಲ್ಕು ಲೇತುಗಳಿವೆ, ಒಂದೊಂದೂ ಆನೆಯ ಗಾತ್ರ. ಅವುಗಳ ನಡುವೆ ನಲವತ್ತೈದು ದಿನ. ಇದೂ ಒಂದು ಕತೆಯ ಅರಮನೆಯೇ ಅಲ್ಲವೇ?

"ಭಾವ, ನಾಳೆಯಿಂದ ನನಗೆ ಯಾವ ಲೇತು?" ಎಂದು ಆಸೆಯಿಂದ ಕೇಳಿದರು.

"ಲೇತಾ?" ಷಡ್ಡಕರು ಗೇರು ಬದಲಾಯಿಸಿದರು. "ನಮ್ಮಲ್ಲಿ ಹೊಸಬರು ಮೊದಲ ಎರಡು ತಿಂಗಳು ಲೇತು ಮುಟ್ಟೋ ಹಾಗಿಲ್ಲ, ಮೇಷ್ಟ್ರೇ. ಕೆಳಗೆ ಉದುರೋ ಲೋಹದ ಸಿಪ್ಪೆ ಗುಡಿಸ್ಬೇಕು."

ಮೇಷ್ಟ್ರು ಬೆರಳು ಮಡಚಿ ದಿನ ಎಣಿಸಿದರು. ಎಲ್ಲಿಂದ ಶುರುಮಾಡಿ ಎಣಿಸಿದರೂ ರಜೆ ನಲವತ್ತೈದೇ ದಿನ ಬರುತ್ತಿತ್ತು.