ದಕ್ಷಿಣಕ್ಕೆ ತೋಡಿಸಿದ ಚರಂಡಿ

ಭೂಗೋಳದಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಗೋಡೆಗೆ ಭೂಪಟ ನೇತುಹಾಕಿದರೆ, ಕೋಲು ಹಿಡಿದು ನದಿಗಳನ್ನು ತೋರಿಸುತ್ತಿದ್ದವಳು ನಾನೇ. ಆದ್ದರಿಂದ ಒಂದು ಚರಂಡಿ ತೋಡಿಸಲು ನನಗಿಂತ ಅರ್ಹರು ಮಾದಾಪುರದ ಸುತ್ತಮುತ್ತ ಇರಲಾರರೆಂದು ನಂಬಿದ್ದೆ.

ನಮ್ಮನೆಯವರು ಮದುವೆಯೊಂದಕ್ಕೆ ಎರಡು ದಿನ ಹಾಸನಕ್ಕೆ ಹೊರಟರು. ಮನೆ ಪಕ್ಕದ ಕಣದ ತುಂಬ ಕಾಫಿ ಒಣಗುತ್ತಿತ್ತು. ಇನ್ನೆರಡು ಬಿಸಿಲು ಬಿದ್ದರೆ ಮೂಟೆ ಕಟ್ಟಬಹುದಿತ್ತು. ಮೋಡ ಕಂಡರೆ ಟಾರ್ಪಾಲು ಮುಚ್ಚಿಸು, ಮನೆಯ ಮಾಡಿನಿಂದ ಇಳಿಯುವ ನೀರು ಕಣಕ್ಕೆ ನುಗ್ಗದಂತೆ ನಡುವೆ ಒಂದು ಚರಂಡಿ ತೋಡಿಸು ಎಂದರು. ಯಾವ ಕಡೆಗೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅದೂ ಒಂದು ಕೇಳುವ ವಿಷಯವೇ!

ಭೂಪಟದಲ್ಲಿ ಉತ್ತರ ಮೇಲೆ, ದಕ್ಷಿಣ ಕೆಳಗೆ. ನೀರು ಹರಿಯುವುದು ಕೆಳಕ್ಕೆ. ಮೊಬೈಲಿನ ದಿಕ್ಸೂಚಿ ನೋಡಿ, ದಕ್ಷಿಣಕ್ಕೆ ನೇರವಾಗಿ ಸುಣ್ಣದ ಗೆರೆ ಎಳೆದೆ.

ತೋಟದ ಆಳುಗಳ ಲೈನ್‌ಮನೆಯಿಂದ ಕೆಲಸಕ್ಕೆ ಬಂದ ರಾಜಮ್ಮ ಗುದ್ದಲಿಯ ಹಿಡಿಗೆ ಗಲ್ಲ ಊರಿ ಗೆರೆಯನ್ನೇ ನೋಡಿದಳು.

“ಅಮ್ಮಾ, ಆ ಕಡೆ ದಿಣ್ಣೆ ಅಲ್ವಾ? ನೀರು ಹತ್ಕೊಂಡು ಹೋಗುತ್ತಾ?”

“ದಕ್ಷಿಣ ಯಾವಾಗಲೂ ತಗ್ಗು, ರಾಜಮ್ಮ,” ಎಂದು ಮೃದುವಾಗಿ ತಿಳಿಹೇಳಿದೆ. ತಿಳಿಯದವರ ಮೇಲೆ ಸಿಡುಕಬಾರದೆಂದು ಸಿಸ್ಟರ್ ಕಲಿಸಿದ್ದರು.

ಚರಂಡಿ ಮುಗಿದ ಮೇಲೆ ಒಂದು ಬಕೆಟ್ ನೀರು ಸುರಿದೆ. ಅದು ನಾಲ್ಕು ಹೆಜ್ಜೆ ಹೋಗಿ, ನಿಂತು, ತಿರುಗಿ ಬಂದು ನನ್ನ ಚಪ್ಪಲಿ ಒದ್ದೆ ಮಾಡಿತು. ಬಕೆಟ್ ನೀರನ್ನು ಪ್ರಮಾಣವೆಂದು ಪರಿಗಣಿಸತಕ್ಕದ್ದಲ್ಲ ಎಂದು ತೀರ್ಮಾನಿಸಿದೆ.

ಮರುದಿನ ಮಧ್ಯಾಹ್ನ ಮೋಡ ಕಟ್ಟಿತು. ಟಾರ್ಪಾಲು ಮುಚ್ಚಿಸಿ, ಜಗಲಿಯಲ್ಲಿ ಕೈಕಟ್ಟಿ ನಿಂತೆ. ಮಳೆ ಸುರಿಯಿತು. ಮಾಡಿನ ನೀರೆಲ್ಲ ಚರಂಡಿಗಿಳಿದು, ದಿಣ್ಣೆಯ ಬುಡಕ್ಕೆ ಹೋಗಿ, ಹಿಂದೆ ಸರಿದು, ಉಕ್ಕಿ, ಟಾರ್ಪಾಲಿನ ಅಡಿಗೆ ನುಗ್ಗಿತು! ನೋಡನೋಡುತ್ತ ಟಾರ್ಪಾಲು ಉಬ್ಬಿತು. ಅದರ ಅಂಚಿನಿಂದ ಕಾಫಿ ಕಾಯಿಗಳು ಸಾಲಾಗಿ ಹೊರಬಂದು ಉತ್ತರಕ್ಕೆ ಪ್ರಯಾಣ ಬೆಳೆಸಿದವು. ರಾಜಮ್ಮ ಬುಟ್ಟಿ ಹಿಡಿದು ಅವುಗಳ ಹಿಂದೆ ಓಡಿದಳು.

ನಮ್ಮನೆಯವರು ಬಂದವರೇ ಒಂದು ಹಿಡಿ ಕಾಫಿ ಮೂಸಿ ನೋಡಿದರು. ನನ್ನನ್ನು ಅಡುಗೆಮನೆಯ ಕಿಟಕಿಗೆ ಕರೆದೊಯ್ದರು.

“ಆ ತೊರೆ ಯಾವ ಕಡೆ ಹರೀತಿದೆ, ಹೇಳು ನೋಡೋಣ.”

“ಉತ್ತರಕ್ಕೆ ರೀ.”

ಇಪ್ಪತ್ತೆರಡು ವರ್ಷಗಳಿಂದ ಅದೇ ಕಿಟಕಿಯ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದೇನೆ.

ಮುಗ್ಗಲು ಹಿಡಿದ ಆ ಕಾಫಿಯನ್ನು ವ್ಯಾಪಾರಿ ಮುಟ್ಟಲಿಲ್ಲ. ಹುರಿದು, ಪುಡಿ ಮಾಡಿಸಿ, ದಿನಕ್ಕೆರಡು ಲೋಟ ನಾನೇ ಕುಡಿಯುತ್ತಿದ್ದೇನೆ. ಅಷ್ಟೇನೂ ಕೆಟ್ಟಿಲ್ಲ ಎಂದು ಪ್ರತಿ ಸಲವೂ ಹೇಳುತ್ತೇನೆ. ಮೂರು ತಲೆಮಾರಿನ ಕಾಫಿ ಬೆಳೆಗಾರರಾದ ನಮ್ಮನೆಯವರು ಈಗ ಟೀ ಕುಡಿಯುತ್ತಾರೆ.