ದೋಣಿಗೆ ಬಿಟ್ಟ ಅರ್ಧ ಅಂಗುಲ

ಹೆಂಡತಿ: ಒಂದು ಯಂತ್ರ ಕೂರಿಸೋಕೆ ಎಷ್ಟು ತೂತು ಬೇಕು ಅಂದ್ರಿ?

ದರ್ಜಿ: ನಾಲ್ಕು.

ಹೆಂಡತಿ: ಈಗ ಎಷ್ಟಿದೆ?

ದರ್ಜಿ: ಎಣಿಸಿ ಆಯ್ತಲ್ಲ, ಮತ್ತೆ ಯಾಕೆ ಕೇಳ್ತೀಯಾ?

ಹೆಂಡತಿ: ನಿಮ್ಮ ಬಾಯಿಂದ ಕೇಳೋಣ ಅಂತ.

ದರ್ಜಿ: ಎಂಟು. ನಾಲ್ಕು ಕೂರಿಸೋಕೆ, ಇನ್ನು ನಾಲ್ಕು... ಗಾಳಿ ಆಡೋಕೆ.

ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಎರಡು ಚಕ್ರದ ಗಾಡಿಯ ಮೇಲೆ ಹದಿನಾಲ್ಕು ಅಡಿಯ ಮೀನಿನ ದೋಣಿ ಕೂತಿತ್ತು. ಅದರ ಎಡ ಅಂಚಿನ ತುಂಬ ಸೀಮೆಸುಣ್ಣದ ಗೆರೆಗಳು, ಗೆರೆಗಳ ನಡುವೆ ಎಂಟು ತೂತುಗಳು. ದರ್ಜಿಯ ಕುತ್ತಿಗೆಗೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣ, ಕೈಯಲ್ಲಿ ಡ್ರಿಲ್ಲು. ನಲವತ್ತು ವರ್ಷ ಊರವರ ಬಟ್ಟೆ ಹೊಲಿದು ಹೋದ ವರ್ಷವಷ್ಟೇ ಅಂಗಡಿ ಮುಚ್ಚಿದ್ದ. ಅಂಗಡಿಯಲ್ಲಿ ಅವನು ಮಿಷನ್ ತುಳಿಯುತ್ತಿದ್ದರೆ ಹೆಂಡತಿ ಎದುರಿಗೆ ಕೂತು ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಇಬ್ಬರ ಬಾಯಿಗೂ ಬಿಡುವಿರುತ್ತಿರಲಿಲ್ಲ. ಈಗ ಅವಳು ಒಳಗೆ ಟೀವಿಯ ಮುಂದೆ, ಇವನು ಹೊರಗೆ ಶೆಡ್ಡಿನಲ್ಲಿ.

ಭಾನುವಾರ ನೀನೂ ದೋಣಿಗೆ ಬಾ ಎಂದು ಕರೆಯಬೇಕೆಂದು ನಾಲ್ಕು ದಿನದಿಂದ ಬಾಯಿಪಾಠ ಮಾಡುತ್ತಿದ್ದ. ಅವಳು ಎದುರಿಗೆ ಬಂದು ನಿಂತರೆ ಸಾಕು, ಮಾತು ಟೇಪಿನ ಕಡೆಗೋ ಬೋಲ್ಟಿನ ಕಡೆಗೋ ಹೊರಳುತ್ತಿತ್ತು. ಅಷ್ಟೊಂದು ಜನರ ಸೊಂಟ ಅಳೆದವನಿಗೆ ಸ್ವಂತ ಹೆಂಡತಿಯನ್ನು ಒಂದು ಮಾತು ಕರೆಯುವ ಧೈರ್ಯವಿರಲಿಲ್ಲ. ಇದು ಅವನಿಗೇ ನಗೆಪಾಟಲಾಗಿ ಕಾಣುತ್ತಿತ್ತು.

ಹೆಂಡತಿ: ಮೊದಲನೇ ನಾಲ್ಕು ಯಾಕೆ ಕೂರಲಿಲ್ಲ?

ದರ್ಜಿ: ಯಂತ್ರದ ಪ್ಲೇಟನ್ನ ಅಳೆದೆ. ಸರಿಯಾಗೇ ಅಳೆದೆ. ಆಮೇಲೆ ದೋಣಿ ಮೇಲೆ ಗುರುತು ಹಾಕುವಾಗ ಕೈ ತಾನಾಗೇ...

ಹೆಂಡತಿ: ತಾನಾಗೇ?

ದರ್ಜಿ: ಸುತ್ತಲೂ ಅರ್ಧ ಅಂಗುಲ ಹೆಚ್ಚು ಬಿಡ್ತು.

ಹೆಂಡತಿ: ಹೊಲಿಗೆಗೆ!

ದರ್ಜಿ: ಹೊಲಿಗೆಗೆ.

ಹೆಂಡತಿ: ಅಲ್ಯೂಮಿನಿಯಂ ದೋಣಿಗೆ!

ದರ್ಜಿ: ಮುಂದೆ ದೋಣಿ ದಪ್ಪ ಆದ್ರೆ ಬಿಚ್ಚಿ ದೊಡ್ಡದು ಮಾಡಬಹುದು ಅಂತ ಇಟ್ಕೋ.

ಹೆಂಡತಿ: ನಗಿಸಬೇಡಿ, ನಂಗೆ ಸಿಟ್ಟು ಬಂದಿದೆ. ಟ್ರಯಲ್ ನೋಡದೆ ಗಿರಾಕಿಗೆ ಒಂದು ಪ್ಯಾಂಟೂ ಕೊಟ್ಟವರಲ್ಲ ನೀವು. ಪ್ಲೇಟನ್ನ ಒಂದ್ಸಲ ಮೇಲಿಟ್ಟು ನೋಡೋಕೆ ಏನಾಗಿತ್ತು?

ದರ್ಜಿ: ದೋಣಿಗೆ ಕನ್ನಡಿ ಮುಂದೆ ನಿಲ್ಲೋಕೆ ನಾಚಿಕೆ.

ಅವಳು ಅಂಚಿನ ಮೇಲಿದ್ದ ಯಂತ್ರವನ್ನು ಒಂದು ಬೆರಳಿನಿಂದ ತಟ್ಟಿ ನೋಡಿದಳು. ಬಟ್ಟೆಯ ತಾನನ್ನು ಬೇಡವೆಂದು ಪಕ್ಕಕ್ಕೆ ತಳ್ಳುವ ಮೊದಲು ಗಿರಾಕಿಗಳು ತಟ್ಟುವುದೂ ಹಾಗೆಯೇ ಎಂಬುದು ದರ್ಜಿಗೆ ಗೊತ್ತಿತ್ತು.

ಹೆಂಡತಿ: ಅಲ್ಲಾ, ಏನಿದು ಡೌನ್‌ರಿಗ್ಗರ್ರು? ಗಾಳದ ಕೋಲಿದೆಯಲ್ಲ, ಸಾಲದಾ?

ದರ್ಜಿ: ಬೇಸಿಗೇಲಿ ಹಿನ್ನೀರು ಮೇಲೆ ಕಾಯುತ್ತೆ. ಮೀನು ತಂಪು ಹುಡುಕ್ಕೊಂಡು ಅರವತ್ತು ಅಡಿ ಕೆಳಗೆ ಇಳಿಯುತ್ತೆ. ನಮ್ಮ ಗಾಳ ಮೇಲೇ ತೇಲ್ತಿರುತ್ತೆ. ಇಲ್ಲಿ ನೋಡು, ಇದು ರಾಟೆ, ರಾಟೆಗೆ ಸುತ್ತಿರೋದು ಉಕ್ಕಿನ ತಂತಿ, ತುದೀಲಿ ನಾಲ್ಕೂವರೆ ಕೇಜಿ ಸೀಸದ ಗುಂಡು. ಗಾಳದ ದಾರವನ್ನ ಈ ಕ್ಲಿಪ್ಪಿಗೆ ಸಿಕ್ಕಿಸಿದ್ರೆ, ಗುಂಡು ಅದನ್ನ ಆಳಕ್ಕೆ ಎಳ್ಕೊಂಡು ಹೋಗುತ್ತೆ. ಮೀನು ಕಚ್ಚಿದ ಕೂಡಲೇ ಕ್ಲಿಪ್ಪು ದಾರ ಬಿಟ್ಟುಬಿಡುತ್ತೆ.

ಹೆಂಡತಿ: ಅಂದ್ರೆ ಬಿಸಿಲಲ್ಲಿ ಎಲ್ಲಿರಬೇಕು ಅನ್ನೋದು ಮೀನಿಗೆ ಗೊತ್ತು. ಗೊತ್ತಿಲ್ಲದೋರು ಮೇಲೆ ದೋಣೀಲಿ ಕೂತಿರ್ತಾರೆ.

ದರ್ಜಿ: ಒಂದು ವರ್ಷದಿಂದ ಕೂತಿದಾರೆ. ಇವತ್ತಿನವರೆಗೆ ಒಂದು ಮೀನೂ ಮೇಲೆ ಬಂದು ಹೇಗಿದೀರಿ ಅಂತ ಕೇಳಿಲ್ಲ.

ಹೆಂಡತಿ: ಇದರ ಕೈ ಯಾಕೆ ಇಷ್ಟು ಮೋಟು?

ದರ್ಜಿ: ಉದ್ದದ್ದೂ ಇತ್ತು, ಗಿಡ್ಡದ್ದೂ ಇತ್ತು. ಅಂಗಡಿಯವನು ಯಾವುದು ಬೇಕು ಅಂದ. ಅರ್ಧ ತೋಳಿಂದು ಕೊಡಿ ಅಂದುಬಿಟ್ಟೆ.

ಹೆಂಡತಿ: ದೇವರೇ! ಮತ್ತೆ ಇದನ್ನ ಕೈಯಲ್ಲೇ ಸುತ್ತಬೇಕಾ? ಕರೆಂಟಿಂದು ಇರಲಿಲ್ವಾ?

ದರ್ಜಿ: ಇತ್ತು. ಬ್ಯಾಟರಿ ಕೈಕೊಟ್ರೆ ಗುಂಡು ಕೆಳಗೇ ಸಂಸಾರ ಹೂಡುತ್ತೆ ಅಂತ ಹೆದರಿ ಬಿಟ್ಟೆ.

ಹೆಂಡತಿ: ಹಾಗಾದ್ರೆ ನಾಲ್ಕೂವರೆ ಕೇಜೀನ ಅರವತ್ತು ಅಡಿಯಿಂದ ಎತ್ತೋರು ಯಾರು? ಮೊನ್ನೆ ಬಾಟಲಿ ಮುಚ್ಚಳ ತೆಗೆಸೋಕೆ ಪಕ್ಕದ ಮನೆಗೆ ಹೋಗಿದ್ರಿ.

ದರ್ಜಿ: ಕೈ ವಿಷಯ ಎತ್ತಬೇಡ. ನಾನು ನಲವತ್ತು ವರ್ಷ ಬೆಳೆಸಿದ್ದು ಕಾಲನ್ನ. ತುಳಿಯೋ ಥರದ್ದು ಇದ್ರೆ ಕೊಡಿ ಅಂತಾನೂ ಕೇಳಿದೆ.

ಹೆಂಡತಿ: ಅಂಗಡಿಯವನು ಏನಂದ?

ದರ್ಜಿ: ಏನೂ ಅನ್ನಲಿಲ್ಲ. ಒಳಗೆ ಹೋಗಿ ಇನ್ನೊಬ್ಬನನ್ನ ಕರ್ಕೊಂಡು ಬಂದು, ಸಾರ್, ಇನ್ನೊಂದ್ಸಲ ಹೇಳಿ ಅಂದ.

ಹೆಂಡತಿ ನಗು ನುಂಗಿಕೊಂಡು ಕೂರಲು ಜಾಗ ಹುಡುಕಿದಳು. ಮೂಲೆಯಲ್ಲಿ ಗೋಣಿಚೀಲ ಹೊದ್ದ ಪೆಟ್ಟಿಗೆಯೊಂದಿತ್ತು. ಕೂರಲು ಹೋದವಳು ಯಾಕೋ ಚೀಲ ಎತ್ತಿ ನೋಡಿದಳು.

ಹೆಂಡತಿ: ಇನ್ನೊಂದಿದೆ!

ದರ್ಜಿ: ಹೂಂ. ಅದು ಬಲಗಡೆಗೆ.

ಹೆಂಡತಿ: ದೋಣೀಲಿ ಕೂರೋರು ಒಬ್ಬರು. ಎರಡನೇದು ಯಾರಿಗೆ?

ದರ್ಜಿ: ದೋಣಿ ಒಂದೇ ಕಡೆ ವಾಲಬಾರದು ನೋಡು. ತೂಕ ಸರಿಹೋಗಲಿ ಅಂತ.

ಹೆಂಡತಿ: ತೂಕಕ್ಕೆ ಒಂದು ಕಲ್ಲಿಡಿ. ನಿಜ ಹೇಳಿ, ಆ ಬಸ್ ಡ್ರೈವರಿಗೆ ತಾನೇ?

ಬಸ್ ಡ್ರೈವರ್ ಎಂದರೆ ಪಕ್ಕದ ಮನೆಯವನು. ಕೆಲಸ ಬಿಟ್ಟು ಐದು ವರ್ಷವಾದರೂ ಮಾತಿನ ನಡುವೆ ಆಗಾಗ ಜನ ಇಳಿದರೋ ಎಂಬಂತೆ ಹಿಂದೆ ತಿರುಗಿ ನೋಡುವ ಅಭ್ಯಾಸ ಬಿಟ್ಟಿರಲಿಲ್ಲ. ಬಾಟಲಿಯ ಮುಚ್ಚಳ ತೆಗೆದುಕೊಟ್ಟ ಪುಣ್ಯಾತ್ಮ ಅವನೇ.

ದರ್ಜಿ: ಅವನಿಗ್ಯಾಕೆ? ಅವನಿಗೆ ಬಕೆಟ್‌ನಲ್ಲಿ ನೀರು ಅಲ್ಲಾಡಿದ್ರೂ ತಲೆ ಸುತ್ತುತ್ತೆ.

ಹೆಂಡತಿ: ಹಾಗಾದ್ರೆ ಬೇರೆ ಯಾರೋ ಇದಾರೆ.

ದರ್ಜಿ: ಇದಾರೆ.

ಹೆಂಡತಿ: ಓಹೋ! ನನಗೆ ಗೊತ್ತಿರೋರಾ?

ದರ್ಜಿ: ಚೆನ್ನಾಗಿ.

ಹೆಂಡತಿ: ಮಾತು ಜಾಸ್ತಿಯೋರಾ?

ದರ್ಜಿ: ಮೊದಲು ವಿಪರೀತ. ಈಚೆಗೆ ಕಡಿಮೆ ಮಾಡಿದಾರೆ. ಅದೇ ಕಷ್ಟ.

ಹೆಂಡತಿ: ನಿಮ್ಮ ಜೊತೆ ದಿನವಿಡೀ ಕೂರೋಕೆ ಒಪ್ಪಿದಾರಾ, ಪಾಪ?

ದರ್ಜಿ: ಇನ್ನೂ ಕೇಳಿಲ್ಲ.

ಹೆಂಡತಿ: ಕೇಳದೇನೇ ಯಂತ್ರ ತಂದ್ರಾ! ಆಯ್ತು, ನಾನ್ಯಾಕೆ ಮಧ್ಯ ಬರಲಿ. ಹೋಗಿ, ಹಾಯಾಗಿ ಹೋಗಿ. ಶೆಡ್ಡಲ್ಲಾದ್ರೂ ಇರ್ತಿದ್ರಿ, ಇನ್ನು ಅದೂ ಮುಗೀತು. ಅವರಿಗೆ ಈಜಾದ್ರೂ ಬರುತ್ತಾ?

ದರ್ಜಿ: ಬರಲ್ಲ. ಅದಕ್ಕೇ ಲೈಫ್ ಜಾಕೆಟ್ ತಂದು, ಪಟ್ಟಿಗಳನ್ನ ಅವರ ಅಳತೆಗೆ ಹಿಡಿದಿದೀನಿ.

ಅವನು ಕಪಾಟಿನಿಂದ ಕಿತ್ತಳೆ ಬಣ್ಣದ ಜಾಕೆಟ್ಟು ತೆಗೆದುಕೊಟ್ಟ. ಅವಳು ಮುಖ ಊದಿಸಿಕೊಂಡೇ ಇಸಿದುಕೊಂಡಳು. ಆದರೆ ಕೈಗೆ ಬಂದ ಹೊಲಿಗೆಯನ್ನು ತಿರುಗಿಸಿ ನೋಡದೆ ಬಿಡುವುದು ಅವಳ ಜಾಯಮಾನದಲ್ಲಿರಲಿಲ್ಲ. ಬೆಳಕಿಗೆ ಹಿಡಿದಳು, ಬೆರಳಿನಿಂದ ಪಟ್ಟಿ ಅಳೆದಳು.

ಹೆಂಡತಿ: ಎಡಗಡೆ ಪಟ್ಟಿ ಮುಕ್ಕಾಲು ಅಂಗುಲ ಗಿಡ್ಡ ಮಾಡಿದೀರಿ. ತಪ್ಪು.

ದರ್ಜಿ: ತಪ್ಪಲ್ಲ.

ಹೆಂಡತಿ: ಯಾರಿಗ್ರೀ ಎಡಭುಜ ಇಷ್ಟು ಇಳಿದಿರುತ್ತೆ?

ದರ್ಜಿ: ನಲವತ್ತು ವರ್ಷ ಬಗ್ಗಿ ಕೂತು ಕಾಜಾ ಹೊಲಿದೋರಿಗೆ.

ಅವಳ ಕೈ ತನ್ನ ಎಡಭುಜಕ್ಕೆ ಹೋಯಿತು.

ಹೆಂಡತಿ: ಬಾಯಿಬಿಟ್ಟು ಕರೆಯೋಕೆ ಏನಾಗಿತ್ತು ನಿಮಗೆ?

ದರ್ಜಿ: ನೀನು ಬರಲ್ಲ ಅಂದ್ರೆ? ಮೊದಲು ಎಲ್ಲಾ ಕೂರಿಸಿಬಿಟ್ರೆ ಬೇಡ ಅನ್ನೋಕೆ ನಿನಗೆ ಸಂಕೋಚ ಆಗುತ್ತೆ ಅಂದ್ಕೊಂಡೆ. ಬೇಜಾರು ಕಣೇ. ಒಂದೇ ಮನೇಲಿದ್ಕೊಂಡು ನೀನಿಲ್ಲದ ಹಾಗೆ ಬೇಜಾರು.

ಹೆಂಡತಿ: ಎಂಟು ತೂತಿನ ದೋಣಿಗೆ ಕರೀತಿದೀರಿ. ನನಗೆ ಈಜು ಬರಲ್ಲ ಅಂತ ಗೊತ್ತಿದ್ದೂ.

ದರ್ಜಿ: ತೂತು ಇರೋದು ಮೇಲಿನ ಅಂಚಲ್ಲಿ. ನೀರು ಅಲ್ಲಿವರೆಗೆ ಬಂತು ಅಂದ್ರೆ ತೂತಿನ ಚಿಂತೆ ಮಾಡೋಕೆ ನಾವು ಇರಲ್ಲ.

ಹೆಂಡತಿ: ಧೈರ್ಯ ಹೇಳೋ ಚಂದ ನೋಡು! ಸರೀರಿ ಆ ಕಡೆ.

ಅವಳು ಅವನ ಕಿವಿಯ ಮೇಲಿನ ಸೀಮೆಸುಣ್ಣ ಎತ್ತಿಕೊಂಡಳು. ಎರಡನೇ ಯಂತ್ರದ ಪ್ಲೇಟನ್ನು ಬಲ ಅಂಚಿನ ಮೇಲಿಟ್ಟು, ಅದರ ತೂತುಗಳ ಒಳಗಿಂದಲೇ ನಾಲ್ಕು ಚುಕ್ಕೆ ಹಾಕಿದಳು. ಟೇಪಿನ ಕಡೆಗೆ ನೋಡಲೂ ಇಲ್ಲ.

ಹೆಂಡತಿ: ಗುಂಡಿ ಇಟ್ಟು ಕಾಜಾ ಗುರುತು ಮಾಡಬೇಕು ಅಂತ ನಲವತ್ತು ವರ್ಷ ಹೇಳಿದೀನಿ. ಅಂಚಿನ ಕೆಳಗೆ ಏನು ಕೊಡ್ತೀರಿ? ಗುಂಡಿ ಕಿತ್ತು ಬರದ ಹಾಗೆ ಬಟ್ಟೆ ಒಳಗೆ ಕ್ಯಾನ್ವಾಸ್ ಇಡ್ತಿದ್ವಲ್ಲ, ಹಾಗೆ ಇಲ್ಲೂ ಒಂದು ದಪ್ಪ ಪಟ್ಟಿ ಬೇಕು. ಸೀಸದ ಗುಂಡಿನ ಭಾರಕ್ಕೆ ಅಂಚೇ ಹರಿದೀತು.

ದರ್ಜಿ: ಪಟ್ಟಿ ಪೆಟ್ಟಿಗೇಲಿತ್ತು. ಯಾಕೆ ಕೊಟ್ಟಿದಾರೆ ಅಂತ ಗೊತ್ತಾಗದೆ ಎತ್ತಿಟ್ಟೆ.

ಹತ್ತು ನಿಮಿಷದಲ್ಲಿ ನಾಲ್ಕು ತೂತು, ನಾಲ್ಕು ಬೋಲ್ಟು. ಯಂತ್ರ ಅಳ್ಳಾಡದೆ ಕೂತಿತು. ನಲವತ್ತು ವರ್ಷ ಅಂಗಡಿಯ ಬೋರ್ಡಿನ ಮೇಲೆ ತನ್ನ ಒಬ್ಬನ ಹೆಸರು ಮಾತ್ರ ಬರೆಸಿದ್ದಕ್ಕೆ ದರ್ಜಿಗೆ ಈಗ ನಾಚಿಕೆಯಾಯಿತು. ಹೆಂಡತಿ ಕೈ ಒರೆಸಿಕೊಂಡು ಜಾಕೆಟ್ಟು ತೊಟ್ಟು ನೋಡಿದಳು. ಎರಡೂ ಭುಜಗಳು ಸರಿಸಮ ಕಂಡವು.

ಹೆಂಡತಿ: ಬರ್ತೀನಿ. ಆದ್ರೆ ಒಂದು ಮಾತು. ಮನೇಲಾದ್ರೆ ಜಗಳ ಬಂದಾಗ ನೀವು ಎದ್ದು ಶೆಡ್ಡಿಗೆ ಬರ್ತೀರಿ. ನಡುನೀರಲ್ಲಿ ಎದ್ದು ಹೋಗೋಕೆ ಜಾಗ ಇರಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಏನಂದ್ರೂ ಕೂತು ಕೇಳಬೇಕು. ಅದನ್ನ ಯೋಚಿಸಿದೀರಾ?

ದರ್ಜಿ: ಯೋಚಿಸಿದೆ.

ಹೆಂಡತಿ: ಆಮೇಲೆ?

ದರ್ಜಿ: ಆಮೇಲೇ ಎರಡನೇದು ತಗೊಂಡಿದ್ದು.